ಮೂವತ್ತೇಳನೇ ನಿಮಿಷದ ಮದುವೆ

ಕೂಡ್ಲಿಗಿಯಿಂದ ಕೊಟ್ಟೂರಿಗೆ ಹೋಗುವ ದಾರಿಯಲ್ಲಿರುವ ಗುರುತ್ವ ತರಂಗ ಶೋಧನಾ ಕೇಂದ್ರದ ಸುತ್ತ ಮೂರು ಕಿಲೋಮೀಟರ್ ಫಾಸಲೆಯೊಳಗೆ ಯಾವುದೇ ಮನುಷ್ಯ, ಪ್ರಾಣಿ, ವಾಹನ ಅಥವಾ ವಸ್ತು ಪೂರ್ವಾನುಮತಿ ಇಲ್ಲದೆ ಅಲುಗಾಡತಕ್ಕದ್ದಲ್ಲ. ಇದು ಸುತ್ತೋಲೆ ಸಂಖ್ಯೆ ನಾಲ್ಕರ ಮೊದಲನೆಯ ಕಲಮು. ಎರಡನೆಯ ಕಲಮಿನಂತೆ, ಅಲುಗಾಡಲು ಇಚ್ಛಿಸುವವರು ಹದಿನೈದು ದಿನ ಮುಂಚಿತವಾಗಿ ನಮೂನೆ ‘ಕ’ದಲ್ಲಿ ಅರ್ಜಿ ಸಲ್ಲಿಸಬೇಕು. ಮೂರನೆಯ ಕಲಮಿನಂತೆ, ಅನುಮತಿ ಪಡೆದ ಅಲುಗಾಟವನ್ನು ಯಂತ್ರದ ದಾಖಲೆಯಿಂದ ಅಳಿಸಿಹಾಕಲಾಗುವುದು, ಏಕೆಂದರೆ ಕಚೇರಿಗೆ ಗೊತ್ತಿರುವ ವಿಷಯವನ್ನು ಯಂತ್ರ ಮತ್ತೆ ಹೇಳುವ ಅಗತ್ಯವಿಲ್ಲ. ಮರಗಳಿಗೆ ಮಾತ್ರ ಗಾಳಿಯ ದಿನಗಳಲ್ಲಿ ವಿನಾಯಿತಿ ಇದೆ.

ಈ ಯಂತ್ರವನ್ನು ವಿನ್ಯಾಸ ಮಾಡಿದವಳು ಕೊಟ್ಟೂರಿನ ಕೀರ್ತನಾ. ಅವಳ ತಂದೆಗೆ ಅಲ್ಲಿ ಕನ್ನಡಕದ ಅಂಗಡಿ. ಅಪ್ಪ ಹತ್ತಿರದ್ದನ್ನು ತೋರಿಸಿ ಜೀವನ ಮಾಡಿದರೆ, ಮಗಳು ಬಲು ದೂರದ್ದನ್ನು ತೋರಿಸಲು ಹೊರಟು ಆರು ವರ್ಷ ಸವೆಸಿದ್ದಳು. ಯಂತ್ರ ಸರಳವಾದದ್ದು. ಒಂದು ಲೇಸರ್ ಬೆಳಕನ್ನು ಮೂಲೆಯಲ್ಲಿ ಎರಡಾಗಿ ಸೀಳಿ, ಒಂದಕ್ಕೊಂದು ಅಡ್ಡಲಾಗಿ ಎರಡೆರಡು ಕಿಲೋಮೀಟರ್ ಚಾಚಿದ ಕೊಳವೆಗಳಲ್ಲಿ ಬಿಡುವುದು. ಕೊಳವೆಯ ತುದಿಯಲ್ಲಿ ಗಾಜಿನ ಎಳೆಗಳಿಂದ ತೂಗುಬಿಟ್ಟ ಕನ್ನಡಿ. ಬೆಳಕು ಅದಕ್ಕೆ ಬಡಿದು ವಾಪಸು ಬಂದು ಮೂಲೆಯಲ್ಲಿ ಕೂಡಬೇಕು. ಎರಡು ತೋಳೂ ಸಮನಾಗಿದ್ದರೆ ಬೆಳಕನ್ನು ಬೆಳಕೇ ಅಳಿಸಿ, ನೋಡುವ ಕಿಂಡಿಯಲ್ಲಿ ಕತ್ತಲೆಯಾಗುತ್ತದೆ. ಎಲ್ಲೋ ಆಕಾಶದ ಅಂಚಿನಲ್ಲಿ ಎರಡು ಕಪ್ಪು ಕುಳಿಗಳು ಸುತ್ತಿ ಸುತ್ತಿ ಒಂದರಲ್ಲೊಂದು ಸೇರಿದರೆ ಜಾಗವೇ ಒಂದಿಷ್ಟು ಕಂಪಿಸಿ, ಒಂದು ತೋಳು ಹಿಗ್ಗಿ, ಇನ್ನೊಂದು ಕುಗ್ಗಿ, ಆ ಕತ್ತಲೆಯಲ್ಲಿ ಚೂರು ಬೆಳಕು ಮಿಣುಕುತ್ತದೆ. ಆ ಒಂದು ಮಿಣುಕನ್ನು ನೋಡುವುದು ಕೀರ್ತನಾಳ ಜೀವದ ಆಸೆ.

ವಿನ್ಯಾಸದಲ್ಲಿ ಒಂದೇ ದೋಷವಿತ್ತು. ತೋಳುಗಳು ಎರಡು, ತಾಲ್ಲೂಕುಗಳು ಐದು. ಐದು ತೋಳಿನ ಯಂತ್ರ ಮಾಡಿಕೊಡಬೇಕೆಂದು ಸಭೆಯಲ್ಲಿ ಒತ್ತಾಯ ಬಂದಾಗ, ಬೆಳಕಿಗೆ ಅಷ್ಟು ಕಡೆ ಹೋಗಿಬರುವ ಅಭ್ಯಾಸವಿಲ್ಲವೆಂದು ಕೀರ್ತನಾ ಕೈಮುಗಿದಳು. ಕೊನೆಗೆ ಒಂದು ತೋಳು ಕೊಟ್ಟೂರಿನ ದಿಕ್ಕಿಗೂ ಇನ್ನೊಂದು ಹಗರಿಬೊಮ್ಮನಹಳ್ಳಿಯ ದಿಕ್ಕಿಗೂ ಹೋಯಿತು. ಮೂಲೆ ಕೂಡ್ಲಿಗಿಯ ಪಾಲಾಯಿತು. ಹರಪನಹಳ್ಳಿಗೆ ತೋಳಿನ ಬದಲು ಆಡಳಿತಾಧಿಕಾರಿಯ ಕುರ್ಚಿ, ಹಡಗಲಿಗೆ ಒಂದು ಕಾವಲುಗಾರನ ಹುದ್ದೆ. ತಮ್ಮ ತೋಳು ಒಂದೇ ಒಂದು ಫೂಟು ಉದ್ದ ಇರಲಿ ಎಂದು ಕೊಟ್ಟೂರಿನವರು ಮನವಿ ಕೊಟ್ಟರು. ಎರಡೂ ಸಮ ಇರಲೇಬೇಕು ಎಂದು ಕೀರ್ತನಾ ಹೇಳಿದಾಗ, ಸ್ವಂತ ಊರಿನ ಮೇಲೆ ಅಭಿಮಾನವಿಲ್ಲದವಳು ಎಂದು ಬೇಸರಪಟ್ಟುಕೊಂಡು ಹೋದರು.

ಮಾರ್ಚ್ ಹನ್ನೆರಡಕ್ಕೆ ಪರೀಕ್ಷೆ ನಿಗದಿಯಾಯಿತು. ದೊಡ್ಡ ಊರಿನಿಂದ ತಪಾಸಣಾ ಸಮಿತಿ ಬಂದು ಕಿಂಡಿಯ ಮುಂದೆ ಕೂರುತ್ತದೆ. ನಲವತ್ತು ನಿಮಿಷ ಬಿಡದೆ ಕತ್ತಲೆ ಇದ್ದರೆ ಯಂತ್ರ ಪಾಸು. ಇಲ್ಲದಿದ್ದರೆ ಕನ್ನಡಿಗಳನ್ನು ಬಿಚ್ಚಿ, ಹುಲ್ಲಿನಲ್ಲಿ ಸುತ್ತಿ, ಬೇರೆ ರಾಜ್ಯದ ಉಗ್ರಾಣಕ್ಕೆ ಸಾಗಿಸುವುದು. ಅಲ್ಲಿಯವರೆಗೆ ಕೀರ್ತನಾಳಿಗೆ ಸಿಕ್ಕಿದ್ದ ಅತಿ ದೊಡ್ಡ ಕತ್ತಲೆ ನಾಲ್ಕು ನಿಮಿಷದ್ದು.

ಆಡಳಿತಾಧಿಕಾರಿ ಪ್ರವೀಣಕುಮಾರ್ ಸುತ್ತೋಲೆ ನಾಲ್ಕನ್ನು ಹೊರಡಿಸಿದ್ದೇ ಇದಕ್ಕಾಗಿ. ಅವರು ಕೆಟ್ಟವರಲ್ಲ. ಕಾಗದದ ಮೇಲೆ ಇಲ್ಲದ ಸಂಗತಿ ನಡೆದಿರಲಾರದು ಎಂಬುದು ಅವರ ಪ್ರಾಮಾಣಿಕ ನಂಬಿಕೆ. ನಮೂನೆ ‘ಕ’ದಲ್ಲಿ ಅಲುಗಾಟದ ಉದ್ದೇಶಕ್ಕೆ ಅವರು ನಾಲ್ಕು ಆಯ್ಕೆ ಕೊಟ್ಟಿದ್ದರು: ಕುಟ್ಟುವುದು, ಬೀಸುವುದು, ಓಡುವುದು, ಮದುವೆ ಸಮಾರಂಭ. ‘ಇತರೆ’ ಎಂಬುದನ್ನು ಬೇಕೆಂದೇ ಬಿಟ್ಟಿದ್ದರು. ಅದನ್ನು ಕೊಟ್ಟರೆ ಜನ ಅದನ್ನೇ ಆರಿಸಿಕೊಳ್ಳುತ್ತಾರೆ.

ಮೊದಲು ಜಗಳಕ್ಕೆ ಬಂದವಳು ಪಕ್ಕದ ಊರಿನ ದ್ಯಾಮಕ್ಕ. ಮೆಣಸಿನಕಾಯಿ ಕುಟ್ಟಿ ಖಾರಪುಡಿ ಮಾರುವ ಹೆಂಗಸು.

“ಖಾರ ಕುಟ್ಟಾಕ ಪರ್ಮಿಷನ್ ಏನ್ರೀ ಸಾಹೇಬ್ರ? ನಮ್ಮತ್ತಿ ಕುಟ್ಟಿದ್ಲು, ನಮ್ಮತ್ತಿ ಅತ್ತಿ ಕುಟ್ಟಿದ್ಲು. ಆಕಾಶ ಏನ್ ಕಳಚಿ ಬಿದ್ದಿತ್ತೇನು?”

“ಬಿದ್ದಿದ್ರೂ ಗೊತ್ತಾಗ್ತಿರಲಿಲ್ಲಮ್ಮ,” ಎಂದರು ಪ್ರವೀಣಕುಮಾರ್, “ಆವಾಗ ಯಂತ್ರ ಎಲ್ಲಿತ್ತು?”

ದ್ಯಾಮಕ್ಕ ಅರ್ಜಿ ಹಾಕಿದಳು. ಕುರಿಗಾರ ಯರ್ರೆಪ್ಪ ತನ್ನ ನಾಲ್ಕುನೂರ ಹನ್ನೊಂದು ಕುರಿಗಳಿಗೆ ನಾಲ್ಕುನೂರ ಹನ್ನೊಂದು ಅರ್ಜಿ ಹಾಕಿ, ಪ್ರತಿಯೊಂದರ ಮೇಲೂ ಆಯಾ ಕುರಿಯ ಮುಂದಿನ ಎಡಗಾಲಿನ ಗೊರಸು ಒತ್ತಿಸಿದ. ಅನುಮತಿ ಬರುವಷ್ಟರಲ್ಲಿ ಇಪ್ಪತ್ತು ಕುರಿ ಈದಿದ್ದವು. ಮರಿಗಳು ಅನುಮತಿ ಇಲ್ಲದೆ ನೆಗೆದಾಡುತ್ತಿವೆ ಎಂದು ಅವನಿಗೆ ನೋಟಿಸು ಬಂತು. ದಿನ ಕಳೆದಂತೆ ಅನುಮತಿ ಪತ್ರ ಮರ್ಯಾದೆಯ ಗುರುತಾಗಿ, ಜನ ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿಕೊಂಡರು. ಉಜ್ಜಿನಿಯ ಕಡೆಯಿಂದ ಹೆಣ್ಣು ಕೊಡಲು ಬಂದವರು ಹುಡುಗನಿಗೆ ಎಷ್ಟು ಅನುಮತಿ ಇವೆ ಎಂದು ವಿಚಾರಿಸತೊಡಗಿದರು.

ಕತ್ತಲೆ ಮಾತ್ರ ನಾಲ್ಕು ನಿಮಿಷ ದಾಟಲಿಲ್ಲ. ಕೀರ್ತನಾ ನೆಲದ ನಡುಕವನ್ನು ಒಂದು ವಾರ ಅಳೆದು, ಗೆರೆಯ ಕಾಗದ ಹಿಡಿದು ಆಡಳಿತ ಕೊಠಡಿಗೆ ಬಂದಳು.

“ಸರ, ಈ ಒಂದು ಬಡಿತ ನೋಡ್ರಿ. ಬೆಳಿಗ್ಗಿ ಹತ್ತೂವರಿಗೆ ಶುರು ಆಗತೈತಿ, ಒಂದೂವರಿಗೆ ನಿಲ್ಲತೈತಿ. ಎರಡೂವರಿಗೆ ಮತ್ತ ಶುರು, ಐದೂವರಿಗೆ ಬಂದ್. ದ್ಯಾಮಕ್ಕನ ಒನಕಿಗಿಂತ ಹತ್ತು ಪಟ್ಟು ಜೋರು ಐತಿ.”

“ಯಾರ್ರಿ ಅವ್ರು? ಈಗ್ಲೇ ನೋಟಿಸ್ ಕೊಡಾಣ.”

“ನಿಮ್ಮ ಮೊಹರು, ಸರ.”

ಪ್ರವೀಣಕುಮಾರ್ ಮೇಜಿನ ಮೇಲಿದ್ದ ಮೊಹರನ್ನು ನೋಡಿದರು. ಒಂದು ಅನುಮತಿಗೆ ಮೂರು ಪ್ರತಿ, ಪ್ರತಿಗೊಂದು ಏಟು. ಕಬ್ಬಿಣದ ಮೇಜು, ಕೆಳಗೆ ಕಾಂಕ್ರೀಟು, ಆ ಕಾಂಕ್ರೀಟಿನ ಇನ್ನೊಂದು ತುದಿಯಲ್ಲಿ ಯಂತ್ರದ ಮೂಲೆ.

“ಈ ಮೊಹರಿಗೆ ಅನುಮತಿ ತಗಂಡೀವೇನ್ರಿ?”

“ಇಲ್ಲ ಸರ.”

“ಅದೇ ನೋಡ್ರಿ ಆಗಿರೋ ತಪ್ಪು.”

ಅಂದೇ ಮೊಹರಿಗೆ ಅನುಮತಿ ಮಂಜೂರಾಗಿ, ಅದರ ಮೇಲೆ ಮೊಹರು ಮೂರು ಸಲ ಬಿತ್ತು. ಮೂರನೆಯ ಕಲಮಿನ ಪ್ರಕಾರ ಇನ್ನು ಕಚೇರಿ ವೇಳೆಯ ದಾಖಲೆಯೆಲ್ಲ ತಾನಾಗಿ ಅಳಿಸಿಹೋಗುತ್ತಿತ್ತು. ಸಂಜೆಯಿಂದ ಬೆಳಗಿನವರೆಗೆ ಓಡುವ ಲಾರಿಗಳಿಗೆ ಮೊದಲೇ ಶಾಶ್ವತ ಅನುಮತಿ ಇತ್ತು. ಭಾನುವಾರ ಕೇಂದ್ರಕ್ಕೆ ರಜೆ. ಹೀಗಾಗಿ ವಿಶ್ವವನ್ನು ಆಲಿಸಲು ಕೀರ್ತನಾಳಿಗೆ ಉಳಿದದ್ದು ಮಧ್ಯಾಹ್ನದ ಊಟದ ಬಿಡುವು ಒಂದೇ. ಅವಳು ಡಬ್ಬಿ ಬಿಚ್ಚದೆ ಕಿಂಡಿಯ ಮುಂದೆ ಕೂರುವುದನ್ನು ರೂಢಿ ಮಾಡಿಕೊಂಡಳು.

ಪರೀಕ್ಷೆಗೆ ಹತ್ತು ದಿನವಿರುವಾಗ ಗೇಟಿನ ಬಳಿ ದೊಡ್ಡ ಗದ್ದಲವಾಯಿತು. ಅಲುಗಾಡುವ ವಸ್ತುವನ್ನು ಖುದ್ದಾಗಿ ಹಾಜರುಪಡಿಸಬೇಕೆಂದು ಹೊಸ ಆದೇಶ ಬಂದಿತ್ತು. ದ್ಯಾಮಕ್ಕ ಒನಕೆ ಎತ್ತಿಕೊಂಡು ಬಂದಿದ್ದಳು, ಯರ್ರೆಪ್ಪ ಹಿಂಡನ್ನೇ ಹೊಡೆದುಕೊಂಡು ಬಂದಿದ್ದ. ಹಿಂದೆ ಮುನ್ನೂರು ಜನ. ಗದ್ದಲ ಮಾಡಬಾರದೆಂದು ಪ್ರವೀಣಕುಮಾರ್ ಮೈಕಿನಲ್ಲಿ ಕೂಗಿ ಗದ್ದಲಕ್ಕೆ ತಮ್ಮ ಪಾಲು ಸೇರಿಸುತ್ತಿದ್ದರು. ಹಡಗಲಿಯ ಕೋಟಾದ ಕಾವಲುಗಾರ ಮೈಲಾರೇಶ್ ಅರ್ಧ ತಾಸು ತಡೆದುಕೊಂಡ. ಆಮೇಲೆ ಗೇಟಿನ ಪಕ್ಕದ ಸಿಮೆಂಟಿನ ಬೆಂಚು ಹತ್ತಿ, ಮುಖ ಮೇಲಕ್ಕೆತ್ತಿ, ಒಂದೇ ಮಾತು ಕೂಗಿದ.

“ಸದ್ದಲೇ!”

ಈ ಸೀಮೆಯಲ್ಲಿ ಆ ಕೂಗನ್ನು ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಮೈಲಾರದ ಜಾತ್ರೆಯಲ್ಲಿ ಉಪವಾಸವಿದ್ದ ಗೊರವಯ್ಯ ಎತ್ತರದ ಬಿಲ್ಲೇರಿ ‘ಸದ್ದಲೇ’ ಎಂದರೆ ಲಕ್ಷಾಂತರ ಜನ ಉಸಿರು ಬಿಗಿಹಿಡಿಯುತ್ತಾರೆ. ಅದರ ಹಿಂದೆಯೇ ಬರುವ ಒಂದು ಸಾಲಿನ ಭವಿಷ್ಯವಾಣಿಗೆ, ಕಾರ್ಣಿಕಕ್ಕೆ, ವರ್ಷವಿಡೀ ಅರ್ಥ ಹಚ್ಚುತ್ತಾರೆ. ಮುನ್ನೂರು ಜನ ಕಲ್ಲಾದರು. ಒನಕೆ ಮೇಲೆತ್ತಿದಲ್ಲೇ ನಿಂತಿತು. ಪ್ರವೀಣಕುಮಾರರ ಬಾಯಿ ತೆರೆದೇ ಉಳಿಯಿತು. ಒಡೆಯ ನಿಂತದ್ದನ್ನು ನೋಡಿ ಕುರಿಗಳೂ ನಿಂತವು. ಒಳಗೆ ಕೀರ್ತನಾಳ ಮುಂದಿನ ಗೆರೆ ನಡುಗುವುದನ್ನು ಬಿಟ್ಟು ನೆಟ್ಟಗೆ ಮಲಗಿತು. ಹನ್ನೊಂದು ನಿಮಿಷ.

ಹನ್ನೆರಡನೆಯ ನಿಮಿಷಕ್ಕೆ ಯರ್ರೆಪ್ಪ ಮೆಲ್ಲಗೆ ಕೇಳಿದ. “ಏನಂತ ನುಡೀತೋ?”

“ಯಾರು?” ಎಂದ ಮೈಲಾರೇಶ್.

“ಯಂತ್ರ, ಮತ್ಯಾರು? ಸುಮ್ನ ಸದ್ದಲೇ ಅಂದು ಇಳಿದ್ರ ಆತೇನಲೇ? ನಾವಿಷ್ಟು ಮಂದಿ ಉಸುರು ಹಿಡದದ್ದು ಯಾತಕ್ಕ?”

“ನನ್ನ ಕೇಳಬ್ಯಾಡ್ರಪಾ. ನುಡಿಯಾಕ ನಾನೇನು ಹನ್ನೊಂದು ದಿನ ಉಪಾಸ ಮಾಡಿದಾವಲ್ಲ. ಬೆಳಿಗ್ಗಿ ನಾಕು ಇಡ್ಲಿ ತಿಂದು ಬಂದೀನಿ.”

ಅಷ್ಟರಲ್ಲಿ ಕೀರ್ತನಾ ಹಿಗ್ಗು ತಡೆಯಲಾರದೆ ಹೊರಗೆ ಬಂದಳು. “ಹನ್ನೊಂದು ನಿಮಿಷ ಪೂರ್ತಿ ಕತ್ತಲಿ!” ಎಂದು ಕೂಗಿಬಿಟ್ಟಳು.

ಜನ ಅದನ್ನು ಮನಸ್ಸಿನಲ್ಲಿಟ್ಟುಕೊಂಡು ಗಂಭೀರವಾಗಿ ತಲೆಯಾಡಿಸಿ ಚೆದುರಿದರು. ಹನ್ನೊಂದು ತಿಂಗಳು ಕರೆಂಟು ಇರುವುದಿಲ್ಲ ಎಂದು ಕೆಲವರು, ಹನ್ನೊಂದು ಕುರ್ಚಿ ಉರುಳುತ್ತವೆ ಎಂದು ಕೆಲವರು ಅರ್ಥ ಮಾಡಿದರು. ಸಂಜೆಯ ಹೊತ್ತಿಗೆ ಹಗರಿಬೊಮ್ಮನಹಳ್ಳಿಯಲ್ಲಿ ಒಂದು ಟಾರ್ಚೂ ಸಿಗಲಿಲ್ಲ.

ಯಾವ ಸುತ್ತೋಲೆಗೂ ಬಗ್ಗದ ಸೀಮೆ ಒಂದು ಕೂಗಿಗೆ ಬಗ್ಗಿದ್ದನ್ನು ಕಂಡ ಪ್ರವೀಣಕುಮಾರ್ ತಡಮಾಡಲಿಲ್ಲ. ಸುತ್ತೋಲೆ ಐದು ಹೊರಬಿತ್ತು. ಮೈಲಾರೇಶ್ ‘ಸದ್ದು ನಿಗ್ರಹ ಅಧಿಕಾರಿ (ಪ್ರಭಾರ)’ ಆದ. ಸಿಮೆಂಟಿನ ಬೆಂಚು ವೈಜ್ಞಾನಿಕ ಉಪಕರಣವೆಂದು ಘೋಷಿತವಾಗಿ, ಯಂತ್ರದ ನಕ್ಷೆಯಲ್ಲಿ ಬೆಳಕು ಸೀಳುವ ಗಾಜಿಗೂ ಗಾಳಿ ಹೀರುವ ಪಂಪಿಗೂ ನಡುವೆ, ಭಾಗ ಸಂಖ್ಯೆ ಇನ್ನೂರ ಹನ್ನೆರಡು ಎಂದು ಸೇರಿತು. ಕೀರ್ತನಾ ಟೇಪು ಹಿಡಿದು ಬೆಂಚಿನ ಎತ್ತರ ಅಳೆದು ತಾನೇ ಬರೆದಳು. ಆರು ವರ್ಷದ ವಿನ್ಯಾಸದಲ್ಲಿ ಮೊದಲ ಸಲಕ್ಕೇ ಸರಿಯಾಗಿ ಕೆಲಸ ಮಾಡಿದ ಭಾಗ ಅದೊಂದೇ ಎಂದು ಅವಳಿಗೆ ನಾಚಿಕೆಯಾಯಿತು, ಖುಷಿಯೂ ಆಯಿತು.

ಮೌನದ ಕೊನೆಗೆ ಜನರಿಗೆ ಒಂದು ನುಡಿ ಬೇಕೇ ಬೇಕಿತ್ತು. ಅದನ್ನು ಯಂತ್ರದ ಮರ್ಜಿಗೆ ಬಿಡುವುದು ಅಪಾಯವೆಂದು ‘ನುಡಿ ಕರಡು ಸಮಿತಿ’ ರಚನೆಯಾಯಿತು. ಯಾವ ತಾಲ್ಲೂಕಿಗೂ ನೋವಾಗದಂತೆ ಏಳು ಕರಡು ತಿದ್ದಿ, ಪರೀಕ್ಷೆಗೆ ನಾಲ್ಕು ದಿನ ಮೊದಲೇ ಅಂತಿಮ ನುಡಿಗೆ ಸಹಿ ಬಿತ್ತು: “ಆಗುವುದು ಆಗಬಹುದು, ಉಳಿದದ್ದು ಪರಿಶೀಲನೆಯಲ್ಲಿದೆ.”

ಮಾರ್ಚ್ ಹನ್ನೆರಡರಂದು ಐದೂ ತಾಲ್ಲೂಕಿನ ಜನ ಬಂದು ಬಯಲಿನಲ್ಲಿ ಕೂತರು. ಮೂವರು ಸದಸ್ಯರ ಸಮಿತಿ ಕಿಂಡಿಯ ಮುಂದೆ ಕೂತಿತು. ಅಂದು ಮೊಹರಿಗೆ ರಜೆ. ಹನ್ನೊಂದು ಗಂಟೆಗೆ ಸರಿಯಾಗಿ ಮೈಲಾರೇಶ್ ಭಾಗ ಸಂಖ್ಯೆ ಇನ್ನೂರ ಹನ್ನೆರಡನ್ನು ಹತ್ತಿ ಕೂಗಿದ. ಬಯಲು ಸ್ತಬ್ಧವಾಯಿತು. ಹತ್ತು ನಿಮಿಷ, ಇಪ್ಪತ್ತು ನಿಮಿಷ. ಖಾರದ ಕೈಯಿಂದ ಮೂಗು ಮುಟ್ಟಿಕೊಂಡಿದ್ದ ದ್ಯಾಮಕ್ಕ ಸೀನನ್ನು ನುಂಗಿ ಕಣ್ಣಲ್ಲಿ ನೀರು ಸುರಿಸುತ್ತಿದ್ದಳು. ಮೂವತ್ತು ನಿಮಿಷ. ಕೀರ್ತನಾ ಯಂತ್ರದ ಕಂಪನವನ್ನು ದನಿಯಾಗಿ ಕೇಳಿಸುವ ಹೆಡ್‌ಫೋನು ಕಿವಿಗೆ ಹಾಕಿಕೊಂಡು ಕತ್ತಲೆಯನ್ನೇ ನೋಡುತ್ತಿದ್ದಳು. ಮೂವತ್ತೈದು. ಮೂವತ್ತಾರು.

ಮೂವತ್ತೇಳನೆಯ ನಿಮಿಷದಲ್ಲಿ ಕಿಂಡಿಯಲ್ಲಿ ಬೆಳಕು ಮಿಣುಕಿತು.

ಸೆಕೆಂಡಿನ ಐದರಲ್ಲೊಂದು ಭಾಗ, ಅಷ್ಟೇ. ಕಿವಿಯಲ್ಲಿ ಒಂದು ದನಿ ತಗ್ಗಿನಿಂದ ಎದ್ದು, ಏರಿ ಏರಿ, ಕುರಿ ಕರೆಯುವ ಸಿಳ್ಳಿನಂತೆ ಕೊನೆಗೊಂಡಿತು. ಕೊಟ್ಟೂರಿನ ತೋಳು ಹಿಗ್ಗಿತ್ತು, ಹಗರಿಬೊಮ್ಮನಹಳ್ಳಿಯ ತೋಳು ಕುಗ್ಗಿತ್ತು. ಅವಳು ಆರು ವರ್ಷ ಕಾದದ್ದು ಬಂದು ಹೋಗಿತ್ತು. ಕೂಗಬೇಕು, ಕುಣಿಯಬೇಕು, ಅಪ್ಪನಿಗೆ ಫೋನು ಮಾಡಬೇಕು. ಆದರೆ ಇನ್ನೂ ಮೂರು ನಿಮಿಷ ಬಾಕಿ, ಕೂಗಿದರೆ ಪರೀಕ್ಷೆ ಕೆಡುತ್ತದೆ. ಕೀರ್ತನಾ ತನ್ನ ಗುರುತಿನ ಚೀಟಿಯನ್ನು ಹಲ್ಲಲ್ಲಿ ಕಚ್ಚಿ ಹಿಡಿದು, ಮೂರು ನಿಮಿಷ ಸದ್ದಿಲ್ಲದೆ ಅತ್ತಳು. ಅಷ್ಟು ಸಂತೋಷವನ್ನು ಅಷ್ಟು ಸುಮ್ಮನೆ ಪಟ್ಟವರು ಆ ಸೀಮೆಯಲ್ಲಿ ಇನ್ನೊಬ್ಬರಿಲ್ಲ.

ನಲವತ್ತು ತುಂಬಿತು. ಸಮಿತಿಯ ಅಧ್ಯಕ್ಷರು ದಾಖಲೆ ನೋಡಿ ಕನ್ನಡಕ ತೆಗೆದರು.

“ಮೂವತ್ತೇಳನೆಯ ನಿಮಿಷದಲ್ಲಿ ಬೆಳಕು ಕಂಡಿದೆ. ಆದ್ದರಿಂದ ಯಂತ್ರ ಅನುತ್ತೀರ್ಣ.”

“ಸರ, ಅದು ಗುರುತ್ವ ತರಂಗ! ಅದನ್ನ ಹಿಡಿಯಾಕ ಅಂತನಽ ಈ ಯಂತ್ರ ಮಾಡಿರೋದು!”

“ಅದನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಇವತ್ತು ನಡೆದದ್ದು ಕತ್ತಲೆಯ ಪರೀಕ್ಷೆ. ಬೆಳಕಿನ ಪರೀಕ್ಷೆ ಎರಡನೆಯ ಹಂತದಲ್ಲಿ ಬರುತ್ತದೆ.”

ಕೀರ್ತನಾಳ ಕಾಲ ಕೆಳಗಿನ ನೆಲ ಕುಸಿಯಿತು, ಆ ಕುಸಿತ ಯಾವ ಯಂತ್ರದಲ್ಲೂ ದಾಖಲಾಗಲಿಲ್ಲ. ಹುಲ್ಲು, ಪೆಟ್ಟಿಗೆ, ಉಗ್ರಾಣ ಎಲ್ಲ ಕಣ್ಣ ಮುಂದೆ ಬಂತು. ಆಗ ಪ್ರವೀಣಕುಮಾರ್ ಮೇಜಿನ ಖಾನೆಯಿಂದ ಒಂದು ನಮೂನೆ ‘ಕ’ ತೆಗೆದರು.

“ಅನುಮತಿ ಪಡೆದ ಅಲುಗಾಟ ದಾಖಲೆಯಿಂದ ಅಳಿಸ್ತೀವಿ, ಕಲಮು ಮೂರು. ಘಟನೋತ್ತರ ಮಂಜೂರಾತಿ ಕೊಡೋ ಅಧಿಕಾರ ನಂಗೈತೆ. ಹೇಳ್ರಿ ಮೇಡಂ, ಅಲುಗಾಡಿಸಿದ್ದು ಯಾರು?”

“ಎರಡು ಕಪ್ಪು ಕುಳಿ, ಸರ.”

“ವಿಳಾಸ?”

“ನೂರಾಮೂವತ್ತು ಕೋಟಿ ಜ್ಯೋತಿರ್ವರ್ಷ ದೂರ.”

“ತಾಲ್ಲೂಕು?” ಎಂದು ತಮ್ಮನ್ನೇ ಕೇಳಿಕೊಂಡು, ಹರಪನಹಳ್ಳಿಗೆ ತಮ್ಮ ಕುರ್ಚಿ ಬಿಟ್ಟು ಇನ್ನೇನೂ ಸಿಕ್ಕಿಲ್ಲವೆಂದು ಅದನ್ನೇ ಬರೆದರು. “ಹದಿನೈದು ದಿನ ಮುಂಚೆ ತಿಳಿಸಬೇಕಿತ್ತು. ಯಾವಾಗ ಹೊಂಟಿದ್ವು?”

“ನೂರಾಮೂವತ್ತು ಕೋಟಿ ವರ್ಷದ ಹಿಂದ.”

“ಹಂಗಾದ್ರೆ ಅವಧಿಗೆ ತೊಂದ್ರೆ ಇಲ್ಲ. ಉದ್ದೇಶ? ಕುಟ್ಟುವುದು, ಬೀಸುವುದು, ಓಡುವುದು, ಮದುವೆ.”

ಕೀರ್ತನಾ ನಾಲ್ಕೂ ಆಯ್ಕೆಗಳನ್ನು ಮತ್ತೊಮ್ಮೆ ಓದಿದಳು. ಬಾಗಿಲಲ್ಲಿ ಒಂದರ ಮೇಲೊಂದು ಸೀನುತ್ತಿದ್ದ ದ್ಯಾಮಕ್ಕ ಮೂಗೊರೆಸಿಕೊಂಡು ಕೇಳಿದಳು. “ಏನ್ ಮಾಡಿದ್ವು ಹೇಳವಾ ಅವು?”

“ಒಂದರ ಸುತ್ತ ಒಂದು ತಿರುಗಿ ತಿರುಗಿ, ಕಡೀಕ ಎರಡೂ ಒಂದಾದ್ವು, ದ್ಯಾಮಕ್ಕ.”

“ಮತ್ತ ಮದುವಿನಽ ಅಲ್ಲೇನು? ಇಷ್ಟಕ್ಕ ಯಾಕ ತಲಿ ಕೆಡಿಸಿಕೊಂತೀರಿ? ಅಷ್ಟು ಕೋಟಿ ವರ್ಷ ಹಿಂದಿಂದ ತಿರುಗಿ, ಕೈ ಬಿಡದಽ ಮದುವಿ ಮಾಡ್ಕೊಂಡಾವಲ್ಲ, ಪುಣ್ಯಾತ್ಮರು!”

ಪ್ರವೀಣಕುಮಾರ್ ಮದುವೆಗೆ ಗುರುತು ಹಾಕಿದರು. ಅರ್ಜಿದಾರರು ಗೈರುಹಾಜರಾದ್ದರಿಂದ ಸಾಕ್ಷಿಯಾಗಿ ಯರ್ರೆಪ್ಪ ಹೆಬ್ಬೆಟ್ಟು ಒತ್ತಿದ. ಶಿಫಾರಸಿನ ಸಹಿ ಕೀರ್ತನಾಳದ್ದಾಗಬೇಕಿತ್ತು. ಅವಳು ಪೆನ್ನು ಕೆಳಗಿಟ್ಟಳು.

“ಸರ, ಅಳಿಸಿಬಿಟ್ರ ನನ್ನ ತರಂಗ ಹೋಗಿಬಿಡತೈತಿ.”

“ತರಂಗ ಹೋದ್ರೆ ಇನ್ನೊಂದು ಬರುತ್ತಮ್ಮ. ಯಂತ್ರ ಹೋದ್ರೆ ಬರಲ್ಲ.”

ಆರು ವರ್ಷದಲ್ಲಿ ಅವರು ಹೇಳಿದ ಮಾತುಗಳಲ್ಲಿ ಅವಳು ಎದುರು ಹೇಳಲಾಗದ್ದು ಅದೊಂದೇ. ಪೆನ್ನು ಎತ್ತಿಕೊಂಡು ಸಹಿ ಹಾಕಿದಳು. ಮೊಹರು ರಜೆ ಮುರಿದು ಮೂರು ಸಲ ಬಿತ್ತು. ಮೂವತ್ತೇಳನೆಯ ನಿಮಿಷ ದಾಖಲೆಯಿಂದ ಹೋಯಿತು, ನಲವತ್ತು ನಿಮಿಷವೂ ಕತ್ತಲೆಯಾಯಿತು, ಪಾಸಾದ ಯಂತ್ರ ಐದು ವರ್ಷದ ಮಟ್ಟಿಗೆ ಉಳಿಯಿತು. ಅಧ್ಯಕ್ಷರು ಹೊರಗೆ ಬಂದು, ಆಗುವುದು ಆಗಬಹುದು, ಉಳಿದದ್ದು ಪರಿಶೀಲನೆಯಲ್ಲಿದೆ ಎಂದು ಓದಿ ಹೇಳಿದರು. ಇಷ್ಟು ಸ್ಪಷ್ಟವಾದ ನುಡಿಯನ್ನು ತಾವು ಕೇಳಿರಲಿಲ್ಲವೆಂದು ಜನ ಸಮಾಧಾನಪಟ್ಟರು.

ಮದುವೆಯಾದ ಮೇಲೆ ಊಟ ಹಾಕದಿದ್ದರೆ ಹೇಗೆ ಎಂದು ದ್ಯಾಮಕ್ಕ ಹಟ ಹಿಡಿದು ಬಯಲಿನಲ್ಲೇ ಗೋಧಿ ಹುಗ್ಗಿ ಮಾಡಿಸಿದಳು. ತಮ್ಮ ತೋಳು ಹಿಗ್ಗಿತ್ತೆಂದು ತಿಳಿದ ಕೊಟ್ಟೂರಿನವರು ಗಂಡಿನ ಕಡೆಯವರಾಗಿ ಮೊದಲ ಪಂಕ್ತಿಯಲ್ಲಿ ಕೂತರು. ಕೀರ್ತನಾಳಿಗೂ ಅಭಿಮಾನ ಬಂತಲ್ಲ ಎಂದು ಅವಳ ಎಲೆಗೆ ಎರಡು ಸಲ ಬಡಿಸಿದರು. ಅವಳು ಕಣ್ಣೊರೆಸಿಕೊಳ್ಳುತ್ತ ಎರಡೂ ಸಲದ್ದನ್ನು ತಿಂದಳು. ಕೇಳಿದ ದನಿಯನ್ನು ಯರ್ರೆಪ್ಪನಿಗೆ ಒಮ್ಮೆ ಸಿಳ್ಳು ಹಾಕಿ ತೋರಿಸಿದಳು. ಅವನು ಈಗ ಹಿಂಡನ್ನು ಹಾಗೆಯೇ ಕರೆಯುತ್ತಾನೆ. ಕೇಂದ್ರದಲ್ಲಿ ಆ ತರಂಗದ ನಕಲು ಎಲ್ಲೂ ಇಲ್ಲ, ಅವನ ಸಿಳ್ಳಿನಲ್ಲಿ ಮಾತ್ರ ಇದೆ.

ಎರಡು ವಾರದ ಮೇಲೆ ಹೊರದೇಶದ ಪ್ರಯೋಗಾಲಯದಿಂದ ಪತ್ರ ಬಂತು. ಮಾರ್ಚ್ ಹನ್ನೆರಡರಂದು ಇಂಥ ಗಳಿಗೆಯಲ್ಲಿ ನಮ್ಮ ಯಂತ್ರಗಳು ಕಂಪಿಸಿವೆ, ನಿಮ್ಮಲ್ಲಿ ಏನಾದರೂ ಕಂಡಿತೇ ಎಂದು ಕೇಳಿದ್ದರು. ಪ್ರವೀಣಕುಮಾರ್ ಹೇಳಿ ಬರೆಸಿದ ಉತ್ತರವನ್ನು ಕೀರ್ತನಾಳೇ ಟೈಪು ಮಾಡಿದಳು: “ಸದರಿ ಗಳಿಗೆಯಲ್ಲಿ ನಡೆದದ್ದು ಅನುಮತಿ ಪಡೆದ ಮದುವೆ ಸಮಾರಂಭವಾಗಿದ್ದು, ಪ್ರಕರಣ ಮುಕ್ತಾಯಗೊಂಡಿದೆ. ತಾವು ಅನುಮತಿ ನೀಡಿದ್ದೀರೋ ಇಲ್ಲವೋ ಪರಿಶೀಲಿಸಿಕೊಳ್ಳುವುದು.”

ಅದೇ ದಿನ ಸುತ್ತೋಲೆ ಆರು ಹೊರಬಿತ್ತು. ಇನ್ನು ಮುಂದೆ ಈ ಕೇಂದ್ರದ ಮೂಲಕ ಹಾದುಹೋಗುವ ತರಂಗಗಳು ಹದಿನೈದು ದಿನ ಮುಂಚಿತವಾಗಿ ಅರ್ಜಿ ಸಲ್ಲಿಸತಕ್ಕದ್ದು. ಸಂಬಂಧಪಟ್ಟವರ ಕಣ್ಣಿಗೆ ಬೀಳುವ ಜಾಗದಲ್ಲಿ ಸುತ್ತೋಲೆಯನ್ನು ಪ್ರಕಟಿಸಬೇಕೆಂಬ ನಿಯಮವಿರುವುದರಿಂದ, ನೋಟಿಸ್ ಬೋರ್ಡನ್ನು ಗೋಡೆಯಿಂದ ಕಳಚಿ ಮಾಳಿಗೆಯ ಮೇಲೆ ಆಕಾಶಕ್ಕೆ ಮುಖ ಮಾಡಿ ಮಲಗಿಸಲಾಯಿತು. ಗಾಳಿಗೆ ಹಾರದಂತೆ ನಾಲ್ಕು ಮೂಲೆಗೆ ನಾಲ್ಕು ಕಲ್ಲು ಇಡುವ ಕೆಲಸ ಕೀರ್ತನಾಳ ಪಾಲಿಗೆ ಬಂತು.

ಅವಳು ಕಲ್ಲು ಇಟ್ಟಳು. ಬೋರ್ಡಿನ ಧೂಳು ಒರೆಸಿದಳು. ಆಮೇಲೆ ಸುತ್ತಮುತ್ತ ನೋಡಿ, ಸುತ್ತೋಲೆಯ ಕೆಳಗೆ ಪೆನ್ಸಿಲಿನಲ್ಲಿ ಸಣ್ಣಗೆ ಬರೆದಳು: “ಅರ್ಜಿ ಹಾಕಬ್ಯಾಡ್ರಿ. ಊಟದ ಹೊತ್ತಿನಾಗ ಬರ್ರಿ, ಒಂದೂವರಿಯಿಂದ ಎರಡೂವರಿ. ನಾನು ಇರತೀನಿ.”

ಗಡಿಯಾರ ನೋಡಿಕೊಂಡರೆ ಒಂದು ಇಪ್ಪತ್ತೆಂಟು. ಓಡಿ ಇಳಿಯಬೇಕೆನಿಸಿತು. ಓಡಲು ಅವಳಿಗೆ ಅನುಮತಿ ಇರಲಿಲ್ಲ, ನಡೆದೇ ಇಳಿದಳು.